ದೇಹದ ಮಾತನ್ನು ಕೇಳಲು ಕಲಿತ ಸಂತ ಇಗ್ನೇಷಿಯಸ್

ಪ್ರತಿವರ್ಷ ಜುಲೈ 31ರಂದು ಧರ್ಮಸಭೆಯು ಲೊಯೋಲಾದ ಸಂತ ಇಗ್ನೇಷಿಯಸರ ಹಬ್ಬವನ್ನು ಆಚರಿಸುತ್ತದೆ. ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಿಗೆ ಈ ಹೆಸರು ಹೊಸದೇನಲ್ಲ. 1878ರ ವರ್ಷಾಂತ್ಯದಲ್ಲಿ ಅವರ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅದೇ ವರ್ಷ ಆಗಸ್ಟಸ್ ಮುಲ್ಲರ್ ಗುರುಗಳು ಕಂಕನಾಡಿಯಲ್ಲಿ ಬಡರೋಗಿಗಳಿಗಾಗಿ ಹೋಮಿಯೋಪತಿ ಔಷಧವನ್ನು ಕೊಡಲು ತೊಡಗಿದರು. ಶಾಲೆ, ಆಸ್ಪತ್ರೆ, ಧ್ಯಾನಕೂಟ ಇವುಗಳ ಮೂಲಕ ಇಗ್ನೇಷಿಯಸರು ನಮ್ಮ ಮನೆಗಳಿಗೆ ಪರಿಚಿತರಾದರು.

ಆದರೆ ನಾವು ಸಾಮಾನ್ಯವಾಗಿ ಅರಿತಿರುವ ಇಗ್ನೇಷಿಯಸರು ಒಬ್ಬ ಸೇನಾನಿ. ಉಕ್ಕಿನಂಥ ಸಂಕಲ್ಪ, ಕಠಿಣ ಶಿಸ್ತು, ಪ್ರಶ್ನೆಯಿಲ್ಲದ ವಿಧೇಯತೆ ಇವುಗಳನ್ನೇ ನಾವು ಅವರ ಹೆಸರಿನೊಂದಿಗೆ ಜೋಡಿಸುತ್ತೇವೆ. ಅವರ ಬದುಕಿಗೆ ಇನ್ನೊಂದು ಮುಖವಿದೆ. ಯೌವನದಲ್ಲಿ ಅವರು ತಮ್ಮ ದೇಹವನ್ನು ಅಲಂಕಾರಕ್ಕಾಗಿ ಹಿಂಸಿಸಿದರು. ಆಮೇಲೆ ಭಕ್ತಿಗಾಗಿ ಹಿಂಸಿಸಿದರು. ಅದರ ಬೆಲೆಯನ್ನು ಜೀವಮಾನವಿಡೀ ತೆತ್ತರು. ಹಾಗೆ ಕಲಿತ ಪಾಠವನ್ನು ತಮ್ಮ ಹಿಂದೆ ಬಂದವರಿಗೆ ನಿಯಮವಾಗಿ ಬರೆದಿಟ್ಟರು. ದೇಹ ನಮ್ಮ ಶತ್ರುವಲ್ಲ, ಒಡೆಯನೂ ಅಲ್ಲ. ಅದು ದೇವರಿತ್ತ ಸಂಗಾತಿ, ಅದು ಹೇಳುವುದನ್ನು ಕೇಳಬೇಕು ಎಂಬುದೇ ಆ ಪಾಠ. ಈ ವಾರ ನಾವು ಅವರ ಜೀವನದ ಈ ಮುಖವನ್ನು ಪರಿಚಯಿಸಿಕೊಳ್ಳೋಣ.

ಬೂಟಿಗಾಗಿ ಕೊಯ್ಸಿಕೊಂಡ ಎಲುಬು

ಇಗ್ನೇಷಿಯಸರು ಹುಟ್ಟಿದ್ದು 1491ರಲ್ಲಿ, ಸ್ಪೇನ್ ದೇಶದ ಉತ್ತರಕ್ಕಿರುವ ಬಾಸ್ಕ್ ನಾಡಿನ ಆಸ್ಪೇಟಿಯಾ ಊರಿನ ಬಳಿಯ ಲೊಯೋಲಾ ಕೋಟೆಯಲ್ಲಿ. ಜ್ಞಾನಸ್ನಾನದಲ್ಲಿ ಅವರಿಗಿಟ್ಟ ಹೆಸರು ಇನಿಗೊ. ದೊಡ್ಡ ಮನೆತನ, ಮನೆ ತುಂಬ ಮಕ್ಕಳು. ಇವರೇ ಎಲ್ಲರಿಗಿಂತ ಕಿರಿಯರು. ಬಾಲ್ಯ ಕಳೆಯುತ್ತಲೇ ರಾಜನ ಕೋಶಾಧಿಕಾರಿಯ ಮನೆಯಲ್ಲಿ ಸೇವಕನಾಗಿ ಸೇರಿ ಅರಮನೆಯ ನಡೆನುಡಿಗಳನ್ನು ಕಲಿತರು. ಒಳ್ಳೆಯ ಉಡುಪು, ಹೊಳೆಯುವ ಕತ್ತಿ, ಹೆಂಗಸರ ಮೆಚ್ಚುಗೆ, ಯುದ್ಧದ ಕೀರ್ತಿ ಇವೇ ಅವರ ಯೌವನದ ಕನಸುಗಳಾಗಿದ್ದವು.

1521ರ ಮೇ 20ರಂದು ಪಾಂಪ್ಲೋನಾ ಕೋಟೆಯನ್ನು ಫ್ರೆಂಚರ ಸೈನ್ಯ ಮುತ್ತಿತು. ಶರಣಾಗೋಣವೆಂದು ಇತರರು ಹೇಳಿದರೂ ಇನಿಗೊ ಒಪ್ಪಲಿಲ್ಲ. ಫಿರಂಗಿಯ ಗುಂಡೊಂದು ಅವರ ಬಲಗಾಲಿನ ಎಲುಬನ್ನು ಪುಡಿಮಾಡಿ ಎಡಗಾಲನ್ನೂ ಗಾಯಗೊಳಿಸಿತು. ಗೆದ್ದ ಫ್ರೆಂಚರು ಅವರನ್ನು ಸೌಜನ್ಯದಿಂದಲೇ ಕಂಡು, ಚಿಕಿತ್ಸೆ ಮಾಡಿಸಿ, ಡೋಲಿಯಲ್ಲಿ ಲೊಯೋಲಾಕ್ಕೆ ಕಳುಹಿಸಿಕೊಟ್ಟರು. ಎಲುಬು ಸರಿಯಾಗಿ ಕೂಡಿಕೊಳ್ಳದ ಕಾರಣ ಮನೆಯಲ್ಲಿ ಅದನ್ನು ಮತ್ತೆ ಮುರಿದು ಕೂಡಿಸಬೇಕಾಯಿತು. ಜೂನ್ ಕೊನೆಯ ಹೊತ್ತಿಗೆ ಅವರು ಸಾವಿನ ಅಂಚನ್ನು ಮುಟ್ಟಿ, ಸಂತ ಪೇತ್ರ ಮತ್ತು ಪೌಲರ ಹಬ್ಬದ ಮುನ್ನಾದಿನದಿಂದ ಚೇತರಿಸಿಕೊಳ್ಳತೊಡಗಿದರು.

ಜೀವ ಉಳಿಯಿತು. ಆದರೆ ಮೊಣಕಾಲಿನ ಕೆಳಗೆ ಎಲುಬಿನ ತುಂಡೊಂದು ಉಬ್ಬಿ ನಿಂತಿತ್ತು, ಕಾಲೂ ಗಿಡ್ಡವಾಗಿತ್ತು. ಅಂದಿನ ಶೋಕಿಗಾರರು ಧರಿಸುತ್ತಿದ್ದ ಬಿಗಿಯಾದ ಉದ್ದ ಬೂಟು ಆ ಕಾಲಿಗೆ ಹಿಡಿಸುವಂತಿರಲಿಲ್ಲ. ಉಬ್ಬಿದ ಎಲುಬನ್ನು ಕೊಯ್ದು ತೆಗೆಯುವಂತೆ ಇನಿಗೊ ವೈದ್ಯರಿಗೆ ಹೇಳಿದರು. ಅಲ್ಲಿಯವರೆಗೆ ಅನುಭವಿಸಿದ ಎಲ್ಲ ನೋವಿಗಿಂತ ಇದು ಹೆಚ್ಚಿನದಾಗುವುದೆಂದು ವೈದ್ಯರು ಎಚ್ಚರಿಸಿದರು. ಪ್ರಜ್ಞೆ ತಪ್ಪಿಸುವ ಔಷಧಗಳು ಇನ್ನೂ ಇಲ್ಲದ ಕಾಲವದು. ಇನಿಗೊ ಮುಷ್ಟಿ ಬಿಗಿಹಿಡಿದು ಸಹಿಸಿಕೊಂಡರು. ಅನಂತರ ಕಾಲನ್ನು ಉದ್ದ ಮಾಡಲು ಯಂತ್ರಗಳಿಂದ ದಿನಗಟ್ಟಲೆ ಎಳೆಸಿಕೊಂಡರು. ಇಷ್ಟಾದರೂ ಜೀವನದುದ್ದಕ್ಕೂ ಅವರು ಕುಂಟುತ್ತಲೇ ನಡೆದರು. ಒಂದು ಜೊತೆ ಬೂಟು ಚೆನ್ನಾಗಿ ಕಾಣಿಸಲೆಂದು ಮನುಷ್ಯ ತನ್ನ ದೇಹಕ್ಕೆ ಏನೆಲ್ಲ ಮಾಡಿಕೊಳ್ಳಬಲ್ಲನೆಂಬುದಕ್ಕೆ ಇದು ಸಾಕ್ಷಿ.

ಆ ಹಾಸಿಗೆಯಲ್ಲೇ ಅವರ ಬದಲಾವಣೆ ಆರಂಭವಾಯಿತು. ಓದಲು ವೀರರ ಕಥೆಗಳನ್ನು ಕೇಳಿದರು. ಮನೆಯಲ್ಲಿ ಇದ್ದುದು ಕ್ರಿಸ್ತರ ಜೀವನ ಚರಿತ್ರೆ ಮತ್ತು ಸಂತರ ಚರಿತ್ರೆ ಮಾತ್ರ. ಅವನ್ನೇ ಓದುತ್ತ, ನಡುನಡುವೆ ಹಳೆಯ ಕನಸುಗಳನ್ನೂ ಕಾಣುತ್ತ ಮಲಗಿದ್ದಾಗ ಅವರು ಒಂದು ಸಂಗತಿಯನ್ನು ಗಮನಿಸಿದರು. ಕೀರ್ತಿಯ ಕನಸು ಕಾಣುವಾಗ ಹಿತವಾಗಿರುತ್ತಿತ್ತು, ಮುಗಿದ ಮೇಲೆ ಮನಸ್ಸು ಬರಿದಾಗುತ್ತಿತ್ತು. ಸಂತರಂತೆ ಬಾಳುವ ಕನಸು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ತಮ್ಮೊಳಗೆ ನಡೆಯುವುದನ್ನು ಹೀಗೆ ಗಮನಿಸಿ, ಅದರ ಹಿಂದಿರುವುದು ಒಳಿತೋ ಕೆಡುಕೋ ಎಂದು ವಿವೇಚಿಸುವ ಅಭ್ಯಾಸ ಅಂದು ಹುಟ್ಟಿತು. ಆದರೆ ಮನಸ್ಸಿನ ಸೂಚನೆಗಳನ್ನು ಆಲಿಸಿದ ಈತ ದೇಹದ ಸೂಚನೆಗಳನ್ನು ಆಲಿಸಲು ಇನ್ನೂ ಕಲಿತಿರಲಿಲ್ಲ.

ಮನ್ರೇಸಾದ ತಪಸ್ಸು

1522ರ ಆರಂಭದಲ್ಲಿ ಇನಿಗೊ ಮನೆ ಬಿಟ್ಟರು. ಮಾರ್ಚ್ 24ರ ರಾತ್ರಿ ಮೊಂಟ್ಸೆರಾಟ್ ಬೆಟ್ಟದ ಮಾತೆ ಮರಿಯಮ್ಮನವರ ಪೀಠದ ಮುಂದೆ ಜಾಗರಣೆ ಮಾಡಿ, ಕತ್ತಿಯನ್ನು ಅಲ್ಲೇ ಅರ್ಪಿಸಿದರು. ತಮ್ಮ ಬೆಲೆಬಾಳುವ ಉಡುಪನ್ನು ಒಬ್ಬ ಭಿಕ್ಷುಕನಿಗೆ ಕೊಟ್ಟು ಗೋಣಿಯಂಥ ಒರಟು ಬಟ್ಟೆ ಧರಿಸಿದರು. ಸಮೀಪದ ಮನ್ರೇಸಾ ಎಂಬ ಪಟ್ಟಣದಲ್ಲಿ ಕೆಲವೇ ದಿನ ತಂಗುವ ಉದ್ದೇಶವಿತ್ತು. ಉಳಿದದ್ದು ಸುಮಾರು ಹತ್ತು ತಿಂಗಳು.

ಅಲ್ಲಿ ಅವರು ನಡೆಸಿದ ತಪಸ್ಸು ಭಯ ಹುಟ್ಟಿಸುವಂಥದು. ದಿನವೂ ಭಿಕ್ಷೆ ಬೇಡಿ ತಿನ್ನುತ್ತಿದ್ದರು. ಕೊಟ್ಟರೂ ಮಾಂಸ ಮುಟ್ಟುತ್ತಿರಲಿಲ್ಲ, ದ್ರಾಕ್ಷಾರಸ ಕುಡಿಯುತ್ತಿರಲಿಲ್ಲ; ಭಾನುವಾರವೊಂದು ಮಾತ್ರ ಉಪವಾಸವಿರಲಿಲ್ಲ. ಪ್ರತಿದಿನ ಏಳು ತಾಸು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು, ನಡುರಾತ್ರಿ ಏಳುತ್ತಿದ್ದರು. ಹಿಂದೆ ಕೂದಲಿನ ಚೆಲುವಿನ ಬಗ್ಗೆ ಬಹಳ ಕಾಳಜಿ ವಹಿಸಿದ್ದ ಕಾರಣ ಈಗ ಅದನ್ನು ಬಾಚದೆ, ಕತ್ತರಿಸದೆ ಬಿಟ್ಟರು. ಉಗುರುಗಳನ್ನೂ ಹಾಗೆಯೇ ಬೆಳೆಯಲು ಬಿಟ್ಟರು.

ಆ ತಿಂಗಳುಗಳಲ್ಲಿ ಅವರನ್ನು ಅತಿಯಾದ ಪಾಪಭೀತಿಯೂ ಕಾಡಿತು. ಪಾಪನಿವೇದನೆ ಮಾಡಿದ ಮೇಲೂ ಏನೋ ಉಳಿದಿದೆಯೆಂಬ ಸಂಶಯ. ದೇವರು ಶಾಂತಿ ಕೊಡುವವರೆಗೆ ಅನ್ನ ನೀರು ಮುಟ್ಟುವುದಿಲ್ಲವೆಂದು ಒಂದು ಭಾನುವಾರ ನಿಶ್ಚಯಿಸಿ, ಪೂರ್ತಿ ಒಂದು ವಾರ ಏನನ್ನೂ ಸೇವಿಸದೆ ಕಳೆದರು. ಮುಂದಿನ ಭಾನುವಾರ ವಿಷಯ ತಿಳಿದ ಪಾಪನಿವೇದನೆಯ ಗುರುಗಳು ಉಪವಾಸ ಮುರಿಯುವಂತೆ ಆಜ್ಞಾಪಿಸಿದರು. ಇನ್ನೂ ಶಕ್ತಿಯಿದೆಯೆಂದು ಅವರಿಗೆ ಅನಿಸುತ್ತಿದ್ದರೂ ಮಾತಿಗೆ ತಲೆಬಾಗಿದರು. ಆ ಗುರುಗಳ ವಿವೇಕ ಇಲ್ಲದಿದ್ದರೆ ಧರ್ಮಸಭೆಗೆ ಒಬ್ಬ ಸಂತರು ಬಹುಶಃ ಅಂದೇ ನಷ್ಟವಾಗುತ್ತಿದ್ದರು.

ದೇಹ ತನ್ನ ಮಾತನ್ನು ಹೇಳಿಯೇ ತೀರಿತು. ಆ ವರ್ಷದ ಚಳಿಗಾಲದಲ್ಲಿ ಅವರು ತೀವ್ರವಾಗಿ ಕಾಯಿಲೆಬಿದ್ದರು. ಊರಿನ ಪ್ರಮುಖ ಮನೆತನಗಳ ಸ್ತ್ರೀಯರು ರಾತ್ರಿಯೆಲ್ಲ ಎಚ್ಚರವಿದ್ದು ಶುಶ್ರೂಷೆ ಮಾಡಿದರು. ಗುಣವಾದ ಮೇಲೂ ದೌರ್ಬಲ್ಯ ಮತ್ತು ಹೊಟ್ಟೆನೋವು ಉಳಿದವು. ಆ ತಾಯಂದಿರು ಒತ್ತಾಯಪೂರ್ವಕವಾಗಿ ಅವರಿಗೆ ಬೆಚ್ಚಗಿನ ಬಟ್ಟೆ, ಪಾದರಕ್ಷೆ, ಟೋಪಿ ತೊಡಿಸಿದರು. ಅಂದು ಆರಂಭವಾದ ಹೊಟ್ಟೆನೋವು ನಡುವೆ ಕೆಲಕಾಲ ಬಿಡುವು ಕೊಟ್ಟರೂ ಅವರನ್ನು ಮತ್ತೆ ಮತ್ತೆ ಕಾಡುತ್ತಲೇ ಇತ್ತು.

ನಿದ್ರೆಯೂ ದೇವರ ಕೊಡುಗೆ

ಆದರೆ ಮನ್ರೇಸಾದಲ್ಲಿಯೇ ಅವರ ಕಣ್ಣು ತೆರೆಯತೊಡಗಿತು. ದಿನದ ಪ್ರಾರ್ಥನೆ, ಭೇಟಿಗೆ ಬಂದವರೊಡನೆ ಸಂಭಾಷಣೆ ಎಲ್ಲ ಮುಗಿದು ಮಲಗುವ ಹೊತ್ತಿಗೆ ಅವರಿಗೆ ದೊಡ್ಡ ದೊಡ್ಡ ಆಧ್ಯಾತ್ಮಿಕ ಹೊಳಹುಗಳೂ ಸಾಂತ್ವನಗಳೂ ಬರುತ್ತಿದ್ದವು. ಅವುಗಳಿಂದಾಗಿ ನಿದ್ರೆಗೆ ಇಟ್ಟಿದ್ದ ಅಲ್ಪ ಸಮಯವೂ ಹಾಳಾಗುತ್ತಿತ್ತು. ಲೊಯೋಲಾದ ಹಾಸಿಗೆಯಲ್ಲಿ ಕಲಿತ ವಿವೇಚನೆಯನ್ನು ಅವರು ಈಗ ಇದಕ್ಕೆ ಅನ್ವಯಿಸಿದರು. ದೇವರೊಡನೆ ಮಾತನಾಡಲು ಹಗಲಿನಲ್ಲಿ ಬೇಕಾದಷ್ಟು ಸಮಯವಿದೆ, ಹಾಗಿರುವಾಗ ದೇಹಕ್ಕೆ ಅಗತ್ಯವಾದ ನಿದ್ರೆಯನ್ನು ಕದಿಯುವ ಈ ಸಾಂತ್ವನಗಳು ನಿಜವಾಗಿಯೂ ಒಳ್ಳೆಯ ಮೂಲದಿಂದ ಬಂದವೇ ಎಂದು ತಮ್ಮನ್ನೇ ಕೇಳಿಕೊಂಡರು. ಕೊನೆಗೆ ಅವನ್ನು ಬದಿಗಿರಿಸಿ ಮಲಗುವುದೇ ಸರಿಯೆಂದು ತೀರ್ಮಾನಿಸಿ ಹಾಗೆಯೇ ಮಾಡಿದರು.

ಇದು ಚಿಕ್ಕ ಘಟನೆಯಂತೆ ಕಂಡರೂ ನಮಗೆ ಬಹಳ ಮುಖ್ಯ. ಕೆಟ್ಟದ್ದು ಯಾವಾಗಲೂ ಕೆಟ್ಟ ವೇಷದಲ್ಲಿಯೇ ಬರುವುದಿಲ್ಲ. ನಮ್ಮ ನಿದ್ರೆಯನ್ನೂ ಆರೋಗ್ಯವನ್ನೂ ಕೆಡಿಸುವುದು ಕೆಲವೊಮ್ಮೆ ಪವಿತ್ರವಾದ ಕೆಲಸದ ವೇಷದಲ್ಲಿಯೇ ಬರುತ್ತದೆ ಎಂಬುದನ್ನು ಅವರು ಅಂದು ಅರಿತರು.

ಮಾಂಸದ ವಿಷಯದಲ್ಲಿಯೂ ಹೀಗೆಯೇ ಆಯಿತು. ಅದನ್ನು ಎಂದಿಗೂ ತಿನ್ನಬಾರದೆಂದು ದೃಢವಾಗಿದ್ದ ಅವರಿಗೆ ಒಂದು ಬೆಳಿಗ್ಗೆ ಎದ್ದಾಗ, ಬಯಕೆಯೇನೂ ಇಲ್ಲದಿದ್ದರೂ, ಬೇಯಿಸಿಟ್ಟ ಮಾಂಸ ಕಣ್ಣೆದುರು ಇದ್ದಂತೆ ತೋರಿತು. ಅದರೊಡನೆ ಇನ್ನು ಮುಂದೆ ತಿನ್ನಬೇಕೆಂಬ ಮನಸ್ಸೂ ಸಹಜವಾಗಿ ಒದಗಿತು. ಇದು ಪ್ರಲೋಭನೆಯಿರಬಹುದೇ ಎಂದು ಪಾಪನಿವೇದನೆಯ ಗುರುಗಳು ಪರಿಶೀಲಿಸಲು ಹೇಳಿದರು. ಎಷ್ಟು ಯೋಚಿಸಿದರೂ ಅವರಿಗೆ ಸಂಶಯ ಬರಲಿಲ್ಲ. ಉಪವಾಸ ಸಡಿಲವಾಯಿತು. ಜನರ ಆತ್ಮಗಳಿಗೆ ನೆರವಾಗುವ ಕೆಲಸ ಶುರುವಾಗುತ್ತಲೇ ಕೂದಲನ್ನೂ ಉಗುರುಗಳನ್ನೂ ಕತ್ತರಿಸಿಕೊಂಡರು. ಸರಳತೆ ಉಳಿಯಿತು, ವಿಪರೀತ ಹೋಯಿತು.

ಪ್ಯಾರಿಸ್ಸಿನ ವಿದ್ಯಾರ್ಥಿ

1523ರಲ್ಲಿ ಜೆರುಸಲೇಮಿನ ಯಾತ್ರೆ ಮುಗಿಸಿ ಬಂದ ಇಗ್ನೇಷಿಯಸರು ಗುರುವಾಗಲು ವಿದ್ಯೆ ಬೇಕೆಂದು ಅರಿತು, ಮೂವತ್ತು ದಾಟಿದ ವಯಸ್ಸಿನಲ್ಲಿ ಬಾರ್ಸಿಲೋನಾದಲ್ಲಿ ಹುಡುಗರ ಜೊತೆ ಕುಳಿತು ಲ್ಯಾಟಿನ್ ವ್ಯಾಕರಣ ಕಲಿತರು. ಹೊಟ್ಟೆನೋವು ತಗ್ಗಿದ್ದರಿಂದ ಹಳೆಯ ತಪಸ್ಸಿನ ಆಸೆ ಅಲ್ಲಿ ಮತ್ತೆ ತಲೆಯೆತ್ತಿ, ಪಾದರಕ್ಷೆಯ ಅಟ್ಟೆಗೆ ತೂತು ಮಾಡಿಕೊಂಡು ನಡೆದುದೂ ಉಂಟು. ಕಲಿತ ಪಾಠವನ್ನು ಮರೆಯುವುದು ಸಂತರಿಗೂ ತಪ್ಪಿದ್ದಲ್ಲ.

1528ರ ಫೆಬ್ರವರಿಯಲ್ಲಿ ಅವರು ಪ್ಯಾರಿಸ್ಸಿಗೆ ಬಂದರು. ನಂಬಿ ಒಪ್ಪಿಸಿದ್ದ ಹಣವನ್ನು ಜೊತೆಗಾರನೊಬ್ಬ ಖರ್ಚು ಮಾಡಿಬಿಟ್ಟ ಕಾರಣ ಯಾತ್ರಿಕರ ಛತ್ರದಲ್ಲಿ ತಂಗಿ, ದೂರದ ಕಾಲೇಜಿಗೆ ನಡೆದು ಹೋಗಬೇಕಾಯಿತು. ಮರುವರ್ಷ ಸಂತ ಬಾರ್ಬರಾ ಕಾಲೇಜಿಗೆ ಸೇರಿದಾಗ ಪೀಟರ್ ಫೇಬರ್ ಮತ್ತು ಫ್ರಾನ್ಸಿಸ್ ಜೇವಿಯರ್ ಅವರ ಕೋಣೆಯ ಸಂಗಾತಿಗಳಾದರು. 1534ರ ಆಗಸ್ಟ್ 15ರಂದು ಏಳು ಮಂದಿ ಗೆಳೆಯರು ಮೊಂಮಾರ್ತ್ರ್ ಗುಡ್ಡದ ಪ್ರಾರ್ಥನಾಲಯದಲ್ಲಿ ಬಡತನ ಮತ್ತು ಬ್ರಹ್ಮಚರ್ಯದ ವ್ರತ ತೊಟ್ಟರು. ಅವರಲ್ಲಿ ಜೇವಿಯರರು 1542ರ ಮೇ 6ರಂದು ಗೋವೆಗೆ ಬಂದಿಳಿದ ಸಂಗತಿ ನಮಗೆಲ್ಲ ತಿಳಿದದ್ದೇ.

ಪ್ಯಾರಿಸ್ಸಿನಲ್ಲಿ ಹೊಟ್ಟೆನೋವು ಮರಳಿತು. ಹದಿನೈದು ದಿನಕ್ಕೊಮ್ಮೆ ಜ್ವರದೊಂದಿಗೆ ನೋವು ಬರುತ್ತಿತ್ತು. ಒಮ್ಮೆಯಂತೂ ಹದಿನಾರು ಹದಿನೇಳು ತಾಸು ಬಿಡದೆ ಕಾಡಿತು. ಯಾವ ಮದ್ದೂ ನಾಟದಿದ್ದಾಗ, ಹುಟ್ಟೂರಿನ ಗಾಳಿಯೊಂದೇ ಉಪಾಯವೆಂದು ವೈದ್ಯರು ಹೇಳಿದರು. ಗೆಳೆಯರೂ ಒತ್ತಾಯಿಸಿದರು. ಈ ಬಾರಿ ಅವರು ಹಠ ಹಿಡಿಯಲಿಲ್ಲ. 1535ರಲ್ಲಿ ಗೆಳೆಯರು ಕೊಂಡುಕೊಟ್ಟ ಚಿಕ್ಕ ಕುದುರೆಯನ್ನೇರಿ ಹೊರಟರು. ದಾರಿಯಲ್ಲಿಯೇ ದೇಹಸ್ಥಿತಿ ಸುಧಾರಿಸಿತು. ಊರಿನಲ್ಲಿ ಅಣ್ಣ ಎಷ್ಟು ಕರೆದರೂ ಕೋಟೆಗೆ ಹೋಗಿ ವಾಸಿಸದೆ ಬಡವರ ಆಸ್ಪತ್ರೆಯಲ್ಲಿ ತಂಗಿ, ಮಕ್ಕಳಿಗೆ ಧರ್ಮೋಪದೇಶ ಕಲಿಸಿದರು. ಅಗತ್ಯವಾದ ಕುದುರೆಯನ್ನು ಸ್ವೀಕರಿಸಿದರು, ಅಗತ್ಯವಿಲ್ಲದ ಕೋಟೆಯನ್ನು ಬಿಟ್ಟರು. ಅವರ ಸರಳತೆಯ ಅಳತೆಗೋಲು ಅದಾಗಿತ್ತು.

ಊಟದ ನಿಯಮಗಳು

1540ರ ಸೆಪ್ಟೆಂಬರ್ 27ರಂದು ಪೋಪ್ 3ನೇ ಪೌಲರು ಯೇಸುಸಭೆಗೆ ಮಾನ್ಯತೆ ನೀಡಿದರು. ಮರುವರ್ಷ ಇಗ್ನೇಷಿಯಸರು ಅದರ ಮಹಾಧಿಪತಿಯಾದರು. ಮನ್ರೇಸಾದ ಅನುಭವದಿಂದ ಬೆಳೆದ ಅವರ ಧ್ಯಾನಗ್ರಂಥ ಆಧ್ಯಾತ್ಮಿಕ ಸಾಧನೆಗಳಿಗೆ 1548ರಲ್ಲಿ ಪೋಪರ ಅನುಮೋದನೆ ದೊರೆಯಿತು. ಈ ಗ್ರಂಥದಲ್ಲಿ ಊಟದ ಬಗೆಗೇ ಎಂಟು ನಿಯಮಗಳಿವೆಯೆಂಬುದು ಅನೇಕರಿಗೆ ತಿಳಿಯದು.

ಆ ನಿಯಮಗಳ ಸಾರ ಸರಳವಾದುದು. ಸಾದಾ ರೊಟ್ಟಿಯ ವಿಷಯದಲ್ಲಿ ಅಷ್ಟು ಬಿಗಿ ಬೇಡ, ಪಾನೀಯದ ವಿಷಯದಲ್ಲಿ ಎಚ್ಚರ ಹೆಚ್ಚಿರಲಿ, ರುಚಿಕರ ತಿನಿಸುಗಳಲ್ಲಿ ಇನ್ನಷ್ಟು ಸಂಯಮವಿರಲಿ. ಪ್ರತಿಯೊಬ್ಬನಿಗೂ ಎಷ್ಟು ಆಹಾರ ಸಾಕೆಂಬುದನ್ನು ಬೇರೆಯವರು ಹೇಳಲಾರರು. ಕಾಯಿಲೆ ಬಾರದಂತೆ ಎಚ್ಚರವಹಿಸಿ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಬಂದರೆ ತನ್ನ ಅಳತೆ ತನಗೇ ತಿಳಿಯುತ್ತದೆ; ಬಲ ಕುಂದಿದರೆ ಅದೇ ಸೂಚನೆ, ಮತ್ತೆ ಹೆಚ್ಚಿಸಬೇಕು. ಅವಸರದಿಂದ, ಮನಸ್ಸೆಲ್ಲ ತಟ್ಟೆಯಲ್ಲಿಟ್ಟು ತಿನ್ನಬಾರದು. ಮುಂದಿನ ಊಟ ಎಷ್ಟೆಂಬುದನ್ನು ಹಸಿದಿರುವಾಗ ಅಲ್ಲ, ಉಂಡ ಮೇಲೆ, ಹಸಿವಿಲ್ಲದಾಗ ನಿರ್ಧರಿಸಬೇಕು. ನಮ್ಮ ಅಡುಗೆಮನೆಗಳಲ್ಲಿ ಇಂದೂ ಪಾಲಿಸಬಹುದಾದ ಮಾತುಗಳಿವು.

ತಪಸ್ಸಿನ ಬಗೆಗೂ ಅವರು ಮಿತಿ ಹಾಕಿದರು. ಬೇಡವಾದುದನ್ನು ಬಿಡುವುದು ತಪಸ್ಸಲ್ಲ, ಅದು ಮಿತಾಹಾರ ಮಾತ್ರ. ತಪಸ್ಸು ಮಾಡುವವನು ಬೇಕಾದುದರಲ್ಲಿಯೂ ಸ್ವಲ್ಪ ಬಿಡುತ್ತಾನೆ, ಆದರೆ ದೇಹ ಕೆಡುವಷ್ಟಲ್ಲ. ನೋವು ಚರ್ಮಕ್ಕೆ ತಾಗಿದರೆ ಸಾಕು, ಎಲುಬಿಗೆ ಇಳಿದು ರೋಗವಾಗಬಾರದೆಂದು ಅವರು ಸ್ಪಷ್ಟಪಡಿಸಿದರು. ಇದನ್ನು ಬರೆದವರು ಮನ್ರೇಸಾದಲ್ಲಿ ಮಿತಿ ಮೀರಿ ರೋಗ ತಂದುಕೊಂಡವರೆಂಬುದನ್ನು ನಾವು ನೆನಪಿಡಬೇಕು.

1548ರ ಸೆಪ್ಟೆಂಬರಿನಲ್ಲಿ ಅವರು ಗಾಂದಿಯಾದ ಡ್ಯೂಕ್ ಫ್ರಾನ್ಸಿಸ್ ಬೋರ್ಜಿಯರಿಗೆ ಒಂದು ಪತ್ರ ಬರೆದರು. ಬೋರ್ಜಿಯರು ಎಂಟು ಮಕ್ಕಳ ತಂದೆ. ಪತ್ನಿಯನ್ನು ಕಳೆದುಕೊಂಡ ಬಳಿಕ ಯೇಸುಸಭೆಗೆ ಸೇರಲು ನಿಶ್ಚಯಿಸಿ, ಘೋರ ಉಪವಾಸಗಳಿಂದ ಹೊಟ್ಟೆ ಕೆಡಿಸಿಕೊಂಡಿದ್ದರು. ಪ್ರಾರ್ಥನೆಯ ಸಮಯವನ್ನು ಅರ್ಧಕ್ಕೆ ಇಳಿಸುವಂತೆ, ಉಪವಾಸ ಬಿಟ್ಟು ಚೆನ್ನಾಗಿ ಊಟಮಾಡಿ ಹೊಟ್ಟೆಗೆ ಬಲ ತಂದುಕೊಳ್ಳುವಂತೆ, ರಕ್ತ ಬರುವಂಥ ದಂಡನೆಯನ್ನು ಪೂರ್ತಿ ನಿಲ್ಲಿಸುವಂತೆ ಇಗ್ನೇಷಿಯಸರು ತಿಳಿಸಿದರು. ಆತ್ಮ ಮತ್ತು ದೇಹ ಎರಡೂ ಸೃಷ್ಟಿಕರ್ತರವು, ಎರಡರ ಲೆಕ್ಕವನ್ನೂ ಅವರಿಗೆ ಒಪ್ಪಿಸಬೇಕಾಗಿದೆ ಎಂಬುದು ಆ ಪತ್ರದ ತಿರುಳು. ಬೋರ್ಜಿಯರು ಮುಂದೆ 1565ರಲ್ಲಿ ಯೇಸುಸಭೆಯ ಮೂರನೆಯ ಮಹಾಧಿಪತಿಯಾದರು, ಅವರೂ ಸಂತರೇ.

ಹೇಳುವುದು, ಅನಂತರ ಬಿಡುವುದು

ಯೇಸುಸಭೆಗಾಗಿ ಬರೆದ ಸಂವಿಧಾನದಲ್ಲಿ ಇಗ್ನೇಷಿಯಸರು ಎಲ್ಲರಿಗೂ ಕಡ್ಡಾಯವಾದ ಉಪವಾಸ ದಂಡನೆಗಳನ್ನು ವಿಧಿಸಲಿಲ್ಲ. ವಿಶೇಷ ಉಡುಪನ್ನೂ ಗೊತ್ತುಮಾಡಲಿಲ್ಲ. ಆಯಾ ಊರಿನ ಸಾಮಾನ್ಯ ಗುರುಗಳ ಉಡುಪು, ಸಾಮಾನ್ಯ ಊಟ ಸಾಕೆಂದರು. ಪ್ರತಿ ಮನೆಯಲ್ಲಿಯೂ ಆರೋಗ್ಯವನ್ನು ನೋಡಿಕೊಳ್ಳಲು ಒಬ್ಬರಿರಬೇಕೆಂದರು. ಅದರಲ್ಲೊಂದು ಅಪರೂಪದ ನಿಯಮವಿದೆ. ಆಹಾರ, ಬಟ್ಟೆ, ವಾಸ, ಕೆಲಸ ಇವುಗಳಲ್ಲಿ ತನಗೆ ಯಾವುದೋ ಹಾನಿಕರವೆಂದು ಅಥವಾ ಅಗತ್ಯವೆಂದು ಕಂಡರೆ ಸದಸ್ಯನು ಮೊದಲು ಪ್ರಾರ್ಥಿಸಬೇಕು. ಆಮೇಲೆ ಅದನ್ನು ಮೇಲಧಿಕಾರಿಗೆ ಮುಚ್ಚಿಡದೆ ತಿಳಿಸಬೇಕು. ತಿಳಿಸಿದ ಮೇಲೆ ಹಠ ಹಿಡಿಯದೆ ಅವರಿಗೇ ಬಿಡಬೇಕು. ನೋವನ್ನು ನುಂಗಿಕೊಳ್ಳುವುದೇ ಪುಣ್ಯವೆಂದು ಅವರು ಹೇಳಲಿಲ್ಲ. ಹೇಳುವುದು ಕರ್ತವ್ಯ, ಕೇಳಿಸಿಕೊಳ್ಳುವುದೂ ಕರ್ತವ್ಯ.

ರೋಮಿನಲ್ಲಿ ಅವರ ವಾಸ ನಾಲ್ಕು ಚಿಕ್ಕ ಕೋಣೆಗಳಲ್ಲಿ. ಊಟ ಮಿತವಾದುದು, ತಮ್ಮ ನಾಡಿನ ನೆನಪು ತರುವ ಕೆಲವು ಹುರಿದ ಚೆಸ್ಟ್‌ನಟ್ ಬೀಜಗಳೇ ಅವರಿಗೆ ದೊಡ್ಡ ಔತಣ. ತಮಗೆ ಇಷ್ಟು ಕಡಿಮೆ ಸಾಕಾದರೂ ರೋಗಿಗಳ ವಿಷಯದಲ್ಲಿ ಅವರ ಕೈ ಧಾರಾಳ. ರೋಗಿಗಳಿಗೆ ಬೇಕಾದುದನ್ನು ತಂದಿದೆಯೇ ಎಂದು ಪ್ರತಿದಿನ ವಿಚಾರಿಸುತ್ತಿದ್ದರು. ಬಿಸಿಲಿನ ರೋಮಿನಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳು ಕಾಯಿಲೆ ಬೀಳುವುದನ್ನು ಕಂಡು, ಮನೆಗೆ ಹಣದ ಮುಗ್ಗಟ್ಟಿದ್ದರೂ, ಸಂತ ಬಾಲ್ಬಿನಾ ದೇವಾಲಯದ ಬಳಿ ಒಂದು ದ್ರಾಕ್ಷಿತೋಟವನ್ನು ಕೊಂಡರು. ವಾರಕ್ಕೊಮ್ಮೆ ಅಲ್ಲಿ ಆಟವಾಡಿ ವಿಶ್ರಮಿಸಲು ಅವರಿಗೆ ಏರ್ಪಾಟಾಯಿತು.

ತಮ್ಮ ದೇಹದ ವಿಷಯದಲ್ಲಿ ಅವರು ವೈದ್ಯರಿಗೆ ವಿಧೇಯರಾಗಿದ್ದರು. ಬಲಿಪೂಜೆಯಲ್ಲಿ ಸುರಿಯುತ್ತಿದ್ದ ಕಣ್ಣೀರಿನಿಂದ ದೃಷ್ಟಿ ಕೆಡುವ ಭಯವಿದೆಯೆಂದು ವೈದ್ಯರು ಹೇಳಿದಾಗ, ಅಷ್ಟು ಸವಿಯಾದ ಆ ಕಣ್ಣೀರನ್ನೂ ತಡೆದುಕೊಂಡರು. ಆದರೆ ಒಮ್ಮೆ ಒಬ್ಬ ವೈದ್ಯ ಅವರ ಕಾಯಿಲೆಗೆ ಶೀತವೇ ಕಾರಣವೆಂದು ತಪ್ಪಾಗಿ ಭಾವಿಸಿ, ಬೇಸಿಗೆಯಲ್ಲಿ ಕಿಟಕಿ ಬಾಗಿಲು ಮುಚ್ಚಿಸಿ, ಕಂಬಳಿ ಹೊದಿಸಿ, ನೀರಿನ ಬದಲು ದ್ರಾಕ್ಷಾರಸ ಕೊಡಿಸಿದನು. ಇಗ್ನೇಷಿಯಸರು ಬಾಯಾರಿ ಬೆವರಿ ಸಾಯುವ ಸ್ಥಿತಿಗೆ ಬಂದರು. ಜೊತೆಯವರು ಅಲೆಸ್ಸಾಂದ್ರೊ ಪೆಟ್ರೋನಿಯೊ ಎಂಬ ಅನುಭವಿ ವೈದ್ಯರನ್ನು ಕರೆಸಿದರು. ಅವರು ಕಿಟಕಿ ತೆರೆಸಿ ತಣ್ಣೀರು ಕೊಡಿಸಿದರು, ರೋಗಿ ಚೇತರಿಸಿಕೊಂಡರು.

ಕೊನೆಯ ಎರಡು ದಿನಗಳು

1556ರ ಜುಲೈಯಲ್ಲಿ ಇಗ್ನೇಷಿಯಸರು ಬಹಳ ಬಳಲಿ ಅದೇ ದ್ರಾಕ್ಷಿತೋಟದ ಮನೆಯಲ್ಲಿ ಕೆಲವು ವಾರ ಕಳೆದು, ತಿಂಗಳ ಕೊನೆಯಲ್ಲಿ ಮರಳಿದರು. ಆಗ ಮನೆಯಲ್ಲಿ ಇನ್ನೂ ಕೆಲವರು ಕಾಯಿಲೆಯಲ್ಲಿದ್ದರು. ಮಹಾಧಿಪತಿಗಳ ಹೊಟ್ಟೆನೋವು ಎಲ್ಲರಿಗೂ ಹಳೆಯ ಸಂಗತಿ. ವೈದ್ಯರಿಗೂ ಅಪಾಯ ಕಾಣಲಿಲ್ಲ.

ಜುಲೈ 30, ಗುರುವಾರ ಮಧ್ಯಾಹ್ನದ ನಂತರ ಅವರು ತಮ್ಮ ಕಾರ್ಯದರ್ಶಿ ಹುವಾನ್ ಪೊಲಾಂಕೊ ಗುರುಗಳನ್ನು ಕರೆದು, ಉಳಿದವರನ್ನು ಹೊರಗೆ ಕಳುಹಿಸಿದರು. ತಮ್ಮ ಅಂತ್ಯ ಸಮೀಪಿಸಿದೆ, ಪೋಪರ ಬಳಿಗೆ ಹೋಗಿ ತಮಗಾಗಿ ಆಶೀರ್ವಾದ ಬೇಡಿ ತರಬೇಕೆಂದು ತಿಳಿಸಿದರು. ಪೊಲಾಂಕೊ ಗುರುಗಳಿಗೆ ನಂಬಿಕೆಯಾಗಲಿಲ್ಲ. ವೈದ್ಯರು ಅಪಾಯವಿಲ್ಲವೆಂದಿದ್ದರು. ಅಲ್ಲದೆ ಆ ಸಂಜೆ ಸ್ಪೇನಿಗೆ ಹೋಗುವ ಅಂಚೆಗೆ ಪತ್ರಗಳನ್ನು ಮುಗಿಸಬೇಕಿತ್ತು. ನಾಳೆ ಹೋದರೆ ಆಗಬಹುದೇ ಎಂದು ವಿಚಾರಿಸಿದರು. ಇಂದೇ ಆದರೆ ಉತ್ತಮವೆಂದು ಸೂಚಿಸಿದ ಇಗ್ನೇಷಿಯಸರು, ಆಮೇಲೆ ನಿರ್ಧಾರವನ್ನು ಅವರಿಗೇ ಬಿಟ್ಟುಕೊಟ್ಟರು. ತಾವು ಬರೆದ ನಿಯಮವನ್ನು ತಾವೇ ಪಾಲಿಸಿದರು: ಹೇಳಿದರು, ಅನಂತರ ಬಿಟ್ಟರು.

ಆ ರಾತ್ರಿ ಅವರು ಸ್ವಲ್ಪ ಊಟಮಾಡಿ, ಪೊಲಾಂಕೊ ಅವರೊಡನೆ ಒಂದು ಮನೆಯ ಖರೀದಿಯ ವಿಷಯ ಮಾತನಾಡಿದರು. ಎಲ್ಲರೂ ನಿಶ್ಚಿಂತರಾಗಿ ಮಲಗಿದರು. ನಡುರಾತ್ರಿಯಲ್ಲಿ ಅವರು ದೇವರನ್ನು ಕರೆಯುವುದು ಪಕ್ಕದ ಕೋಣೆಯಲ್ಲಿದ್ದ ಶುಶ್ರೂಷಕ ಸಹೋದರನಿಗೆ ಕೇಳಿಸಿತು. ಬೆಳಗಾಗುವಾಗ ನೋಡಿದರೆ ಕೊನೆಯ ಘಳಿಗೆ ಬಂದಿತ್ತು. ಪೊಲಾಂಕೊ ಗುರುಗಳು ಪೋಪರ ಬಳಿಗೆ ಓಡಿದರು. ಪೋಪ್ 4ನೇ ಪೌಲರು ಮನಃಪೂರ್ವಕವಾಗಿ ಆಶೀರ್ವಾದ ಕೊಟ್ಟರು. ಅದನ್ನು ಹೊತ್ತು ಮರಳುವಷ್ಟರಲ್ಲಿ ಇಗ್ನೇಷಿಯಸರು ತೀರಿಕೊಂಡಿದ್ದರು. ಅಂತ್ಯಾಭ್ಯಂಗನವೂ ಆಗಲಿಲ್ಲ, ಕೊನೆಯ ಪರಮಪ್ರಸಾದವೂ ದೊರೆಯಲಿಲ್ಲ. ಅಷ್ಟು ಹೊತ್ತಿಗೆ ಸುಮಾರು ಸಾವಿರ ಸದಸ್ಯರನ್ನು ಹೊಂದಿದ್ದ ಸಂಸ್ಥೆಯ ಸ್ಥಾಪಕರು ಒಬ್ಬ ಸಾಮಾನ್ಯನಂತೆ ಸದ್ದಿಲ್ಲದೆ ಹೋದರು. ತಮ್ಮ ತಡವನ್ನು ಮುಚ್ಚಿಡದೆ ಪೊಲಾಂಕೊ ಗುರುಗಳೇ ಪತ್ರದಲ್ಲಿ ಬರೆದು ತಿಳಿಸಿದರು. ಆದುದರಿಂದಲೇ ನಮಗೆ ಇದು ಗೊತ್ತಾಗಿದೆ.

ಅಂದಿನ ಪ್ರಸಿದ್ಧ ಅಂಗರಚನಾ ಪಂಡಿತ ರಿಯಾಲ್ಡೊ ಕೊಲಂಬೊ ಅವರ ದೇಹವನ್ನು ಪರೀಕ್ಷಿಸಿದರು. ಅಸಂಖ್ಯಾತ ಕಲ್ಲುಗಳನ್ನು ಅದರಿಂದ ಹೊರತೆಗೆದುದಾಗಿ 1559ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ದಾಖಲಿಸಿದ್ದಾರೆ. ಮೂತ್ರಪಿಂಡ, ಪಿತ್ತಜನಕಾಂಗ, ಅದಕ್ಕೆ ರಕ್ತ ಒಯ್ಯುವ ನಾಳ, ಶ್ವಾಸಕೋಶ ಇಲ್ಲೆಲ್ಲ ಅವು ಕಂಡವು. ಇಷ್ಟು ವರ್ಷ ಹೊಟ್ಟೆಯ ಕಾಯಿಲೆಯೆಂದು ಎಲ್ಲರೂ ಭಾವಿಸಿದ ನೋವಿನ ಮೂಲ ಹೊಟ್ಟೆಯೇ ಆಗಿರಲಿಲ್ಲ. ಪಿತ್ತದ ಕಲ್ಲುಗಳ ನೋವು ಹೊಟ್ಟೆನೋವಿನಂತೆಯೇ ಕಾಣಿಸುವುದೆಂದು ಇಂದಿನ ವೈದ್ಯರು ಬಲ್ಲರು. ಇಂದಾದರೆ ಒಂದು ಸ್ಕ್ಯಾನಿಂಗ್‌ನಲ್ಲಿ ತಿಳಿಯುತ್ತಿದ್ದ ಸಂಗತಿ ಅದು.

1622ರ ಮಾರ್ಚ್ 12ರಂದು ಇಗ್ನೇಷಿಯಸರನ್ನೂ ಜೇವಿಯರರನ್ನೂ ಒಂದೇ ದಿನ ಸಂತರೆಂದು ಘೋಷಿಸಲಾಯಿತು.

ನಮ್ಮ ಮನೆಗಳಲ್ಲಿ

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಏನು? ಬೂಟಿಗಾಗಿ ಕಾಲು ಕೊಯ್ಸಿಕೊಂಡ ಯುವಕನನ್ನು ಕಂಡು ನಾವು ನಗಬಹುದು. ಆದರೆ ಮದುವೆ, ಹಬ್ಬ, ಹೊಸ ಮನೆ, ನೆರೆಯವರ ಕಣ್ಣು ಇವುಗಳಿಗಾಗಿ ಸಾಲ ಮಾಡಿ, ನಿದ್ರೆಗೆಟ್ಟು ದುಡಿಯುವವರು ನಮ್ಮಲ್ಲಿ ಕಡಿಮೆಯೇ? ಬಂದವರಿಗೆಲ್ಲ ಬಡಿಸಿ ಕೊನೆಗೆ ಆರಿದ ಅನ್ನ ಉಣ್ಣುವ, ಮೈಕೈ ನೋವನ್ನು ವರ್ಷಗಟ್ಟಲೆ ಯಾರಿಗೂ ಹೇಳದ ತಾಯಂದಿರು ಪ್ರತಿ ಮನೆಯಲ್ಲಿಯೂ ಇದ್ದಾರೆ. ಅದನ್ನು ನಾವು ತ್ಯಾಗವೆಂದು ಹೊಗಳಿ ಸುಮ್ಮನಾಗುತ್ತೇವೆ. ಇಗ್ನೇಷಿಯಸರಾದರೋ ಅದನ್ನು ಒಪ್ಪುತ್ತಿರಲಿಲ್ಲ. ಪ್ರಾರ್ಥಿಸು, ಆಮೇಲೆ ಬಾಯಿಬಿಟ್ಟು ಹೇಳು ಎಂಬುದೇ ಅವರ ನಿಯಮವಾಗಿತ್ತು.

ಬೇಡದ್ದು ಕಡಿಮೆಯಾದಂತೆಲ್ಲ ದೇಹದ ದನಿ ಸ್ಪಷ್ಟವಾಗಿ ಕೇಳಿಸುತ್ತದೆ. ಅತಿಯಾಗಿ ಉಣ್ಣುವವನಿಗೂ ಅತಿಯಾಗಿ ಉಪವಾಸ ಮಾಡುವವನಿಗೂ ಅದು ಕೇಳಿಸುವುದಿಲ್ಲ. ಮುಂದಿನ ತಪಸ್ಸುಕಾಲದಲ್ಲಿ ಉಪವಾಸದ ನಿರ್ಧಾರ ಮಾಡುವಾಗ ನಾವು ಇದನ್ನು ನೆನಪಿಡೋಣ. ರೋಗಿಗಳೂ ವೃದ್ಧರೂ ಗರ್ಭಿಣಿಯರೂ ತಮ್ಮ ದೇಹದ ಮಾತನ್ನು ಮೀರಿ ಏನನ್ನೂ ಸಾಧಿಸಬೇಕಾಗಿಲ್ಲ.

ಇನ್ನೊಂದು ಮಾತು. ಪೊಲಾಂಕೊ ಗುರುಗಳು ಕೆಟ್ಟವರಾಗಿರಲಿಲ್ಲ, ಸೋಮಾರಿಗಳೂ ಆಗಿರಲಿಲ್ಲ. ಅವರ ಮೇಜಿನ ಮೇಲಿದ್ದುದು ದೇವರ ಕೆಲಸವೇ. ನಮ್ಮ ಮನೆಯ ಹಿರಿಯರು ಒಂದು ಸಂಜೆ ಗುರುಗಳನ್ನು ಕರೆಸಿ ಎಂದರೆ, ವೈದ್ಯರಿಗೆ ತೋರಿಸಬೇಕು ಎಂದರೆ, ಅಥವಾ ಸುಮ್ಮನೆ ಬಳಿ ಕುಳಿತುಕೋ ಎಂದರೆ, ನಮ್ಮ ಮುಂದೆಯೂ ಮುಗಿಸಬೇಕಾದ ಕೆಲಸ ಯಾವುದಾದರೂ ಇದ್ದೇ ಇರುತ್ತದೆ. ಅವರ ದೇಹದ ಸ್ಥಿತಿ ನಮಗಿಂತ ಅವರಿಗೇ ಚೆನ್ನಾಗಿ ತಿಳಿದಿರಬಹುದು. ರೋಗಿಗಳ ಅಭ್ಯಂಗನ ಸಂಸ್ಕಾರವನ್ನು ಕೊನೆಯ ಉಸಿರಿನವರೆಗೆ ಮುಂದೂಡಬಾರದೆಂದು ಧರ್ಮಸಭೆಯೂ ನಮಗೆ ಬೋಧಿಸುತ್ತದೆ. ಕೆಲಸ ನಾಳೆಗೂ ಉಳಿಯುತ್ತದೆ. ಕರೆದವರ ಬಳಿಗೆ ಇಂದೇ ಹೋಗೋಣ.